ತಳದಿಂದ ಬರೆಯುವ ಪುಸ್ತಕ

ಮತ್ತೆ ನೀರು ಬಂತು, ಮೊದಲು ಗೋಡೆಯ ಬುಡದಲ್ಲಿ ಬುಳುಬುಳು ಸದ್ದು, ಆಮೇಲೆ ಕಂಪ್ಯೂಟರ್ ಪರದೆಯ ತಳದಿಂದ ನೀಲಿ ಬಣ್ಣ ಏರುತ್ತ ಏರುತ್ತ ಏಳೂ ಹಿಡಿಕೆಗಳನ್ನು ನುಂಗಿ, ಕಲ್ಲಿನ ಬಾಗಿಲನ್ನು ನುಂಗಿ, ಕತ್ತಲೆ, ಕತ್ತಲೆಯಲ್ಲಿ ಯಾರೋ ಉಸಿರು ಬಿಟ್ಟ ಸದ್ದು — ಅದು ನಾನೇ, ಆಟದೊಳಗಿನ ನಾನು — ಮತ್ತೆ ನೋಡಿದರೆ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತಿದ್ದೇನೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ನೂರಾ ಹನ್ನೆರಡು ಮೆಟ್ಟಿಲು. ಎಣಿಸಿದ್ದೇನೆ, ಎಣಿಸದೆ ಇರಲು ನನಗೆ ಬರುವುದಿಲ್ಲ, ಮೂವತ್ತನಾಲ್ಕು ವರ್ಷ ಸರ್ಕಾರಿ ಮೋಜಣಿದಾರನಾಗಿ ಸರಪಳಿ ಹಿಡಿದು ಊರೂರಿನ ಹೊಲ ಅಳೆದವನು, ಬಸ್ಸಿನ ಮೆಟ್ಟಿಲು ಸಹ ಎಣಿಸಿಯೇ ಹತ್ತುತ್ತೇನೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಮಗಳು ದುರ್ಗಾ ಮತ್ತು ಅವಳ ಅವ್ವ ಟ್ರಂಕು ತರಲು ಹುಬ್ಬಳ್ಳಿಗೆ ಹೋಗಿದ್ದಾರೆ, ಎರಡರೊಳಗೆ ಬರುತ್ತಾರೆ, ಐದಕ್ಕೆ ಯಾದಗಿರಿಯ ಬಸ್ಸು, ಬಸ್ಸು ಹತ್ತಿದರೆ ಆಯಿತು, ಮಗಳು ಅಲ್ಲಿಯ ವಸತಿ ಶಾಲೆಯ ಭೂಗೋಳದ ಮಾಸ್ತರಿಣಿ, ನಾನು ಇಲ್ಲಿ ಧಾರವಾಡದ ಸಪ್ತಾಪುರದಲ್ಲಿ ಪಿಂಚಣಿದಾರ ಗುರುಶಿದ್ದಪ್ಪ. ಮೂರೂವರೆ ತಿಂಗಳಿಂದ ಅವಳು ನನ್ನ ಜೊತೆ ಒಂದು ಮಾತು ಆಡಿಲ್ಲ. ಎರಡು ಗಂಟೆಯೊಳಗೆ ಈ ಬಾಗಿಲು ತೆರೆದರೆ, ಬಾಗಿಲು ತೆರೀತವ್ವಾ ಅಂತ ಹೇಳಬಹುದು, ಹೇಳಲು ಏನಾದರೂ ಬೇಕಲ್ಲ, ಬರಿಗೈಯಲ್ಲಿ ಹೋಗಿ ಮಗಳ ಮುಂದೆ ನಿಲ್ಲುವುದು ಹೇಗೆ. ತೆರೆಯದಿದ್ದರೆ ಅವಳು ಹೀಗೆಯೇ ಹೋಗುತ್ತಾಳೆ.

ಇಳಿ, ಮತ್ತೆ ಇಳಿ, ಮೌಸು ಒಮ್ಮೆ ಒತ್ತಿದರೆ ಒಂದು ಮೆಟ್ಟಿಲು, ಟಕ್ ಟಕ್ ಟಕ್. ಈ ಯಂತ್ರ ಬಂದದ್ದು ಹೋದ ದಸರೆಗೆ, ದುರ್ಗಾ ಕಂಪ್ಯೂಟರ್ ಕಲಿಯಬೇಕು ಅಂದಳು, ಹಳೇ ಹುಬ್ಬಳ್ಳಿಯ ಗೌಸಮೊದ್ದೀನ ತನ್ನ ಅಂಗಡಿಯಲ್ಲಿ ಜೋಡಿಸಿ ಕೊಟ್ಟ, ಪೆಟ್ಟಿಗೆ ಹೊಸದು, ಟೀವಿ ಮಾತ್ರ ಹಳೆಯದು, ಕಾಕಾ ಆರಿಸಿದ ಮ್ಯಾಲೂ ನಡುವ ಒಂದು ಬಿಳೀ ಚುಕ್ಕಿ ನಿಂದ್ರತೈತ್ರಿ, ಅದೇನ ರೋಗಲ್ಲ, ವಯಸ್ಸಾಗೇತಿ ಅದಕ್ಕ, ಅಂದಿದ್ದ. ಸಿಡಿಯನ್ನೂ ಅವನೇ ಕೊಸರು ಅಂತ ಕೊಟ್ಟ. ಆಟ ಅಂದರೆ ಹೊಡೆದಾಟ ಇಲ್ಲ, ಬಂದೂಕು ಇಲ್ಲ, ಒಂದು ನಡುಗಡ್ಡೆ ಅಷ್ಟೆ, ಒಬ್ಬ ಮನುಷ್ಯನಿಲ್ಲ, ಇದ್ದವರು ಪಂಪು, ಗೇಟು, ದೀಪಸ್ತಂಭ ಎಲ್ಲ ಕಟ್ಟಿ ಎಲ್ಲಿಗೋ ಹೋಗಿದ್ದಾರೆ, ನಾವು ಅಡ್ಡಾಡಿ ಅಡ್ಡಾಡಿ ಯಾವುದು ಯಾಕೆ ಇದೆ ಅಂತ ತಿಳಿಯಬೇಕು, ತಿಳಿದರೆ ಒಂದು ಬಾಗಿಲು ತೆರೆಯುತ್ತದೆ. ಎರಡನೆಯ ದಿನವೇ ನಾನು ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಕ್ಷೆ ಶುರು ಮಾಡಿದೆ, ಒಂದು ಇಂಚಿಗೆ ಐವತ್ತು ಹೆಜ್ಜೆ, ಉತ್ತರ ಮೇಲೆ. ದುರ್ಗಾ ಮೌಸು ಹಿಡಿದವಳು, ನಾನು ಪಕ್ಕದ ಕುರ್ಚಿಯಲ್ಲಿ ಹೆಜ್ಜೆ ಎಣಿಸುವವನು, ಅಪ್ಪಾ ಎಷ್ಟಾತು, ನಲವತ್ತಮೂರು, ಬಲಕ್ಕ ತಿರುಗಲೇನು, ತಡಿಯವ್ವಾ ಬರಕೊಂತೇನಿ. ಹೆಂಡತಿ ಹೊಳೆವ್ವ ನೆರೆಮನೆಯವರಿಗೆ ಹೇಳುತ್ತಿದ್ದಳು, ನೋಡ್ರಿ ನಮ್ಮ ಮನಿಯವರ ಕತಿ, ಇದ್ದ ಊರ ಅಳದದ್ದು ಸಾಲಲಿಲ್ಲಂತ, ಇಲ್ಲದ ಊರಿಗೆ ನಕ್ಷಾ ತಗ್ಯಾಕತ್ತಾರ, ಸರ್ಕಾರ ಇದಕ್ಕೂ ಪಿಂಚಣಿ ಕೊಡತೈತೇನೋ. ನಕ್ಕೆವು. ಆಗ ಈ ಮನೆಯಲ್ಲಿ ನಗುವುದು ಸುಲಭ ಇತ್ತು.

ಎಪ್ಪತ್ತೊಂದು, ಎಪ್ಪತ್ತೆರಡು, ಈ ಮೆಟ್ಟಿಲ ಹತ್ತಿರ ಗೋಡೆಯಲ್ಲೊಂದು ಬಿಳಿಯ ಕಲೆ ಇದೆ, ಪ್ರತಿ ಸಲ ಕಣ್ಣಿಗೆ ಬೀಳುತ್ತದೆ, ಪ್ರತಿ ಸಲ ಅಗುಳು ನೆನಪಾಗುತ್ತದೆ, ಬೇಡ ಅಂದರೂ. ಲಕೋಟೆಯ ಬೆನ್ನ ಮೇಲೆ ಒಣಗಿದ ಅನ್ನದ ಅಗುಳು. ಜನವರಿ ಒಂಬತ್ತು, ಶುಕ್ರವಾರ, ನಾನು ಊಟಕ್ಕೆ ಕೂತಿದ್ದೆ, ಅಂಚೆಯವನು ಕೂಗಿದ, ಎದ್ದು ಎಡಗೈಯಲ್ಲಿ ಇಸಿದುಕೊಂಡೆ, ಕಂದು ಲಕೋಟೆ, ದುರ್ಗಾಳ ಹೆಸರಿಗೆ, ಬೀದರ ಕಡೆಯ ಒಂದು ಶಾಲೆಯಿಂದ. ಹೊಳೆವ್ವ ಹಿತ್ತಲಲ್ಲಿ, ದುರ್ಗಾ ಲೈಬ್ರರಿಯಲ್ಲಿ. ಒಡೆದು ಓದಿದೆ. ಹತ್ತೊಂಬತ್ತನೇ ತಾರೀಖು ಸಂದರ್ಶನ, ಮೂಲ ಪ್ರಮಾಣಪತ್ರಗಳೊಂದಿಗೆ ಹಾಜರಿರತಕ್ಕದ್ದು. ಬರುವ ರವಿವಾರ ಸವಣೂರಿನವರು ದುರ್ಗಾಳನ್ನು ನೋಡಲು ಬರುವವರಿದ್ದರು, ಒಳ್ಳೆಯ ಮನೆತನ, ಹುಡುಗನಿಗೆ ಬ್ಯಾಂಕು. ಈಗ ಪತ್ರ ಕೊಟ್ಟರೆ ಹುಡುಗಿ ಬೀದರ ಅನ್ನುತ್ತಾಳೆ, ರವಿವಾರ ಮುಖ ಗಂಟು ಹಾಕಿಕೊಂಡು ಕೂಡುತ್ತಾಳೆ, ರವಿವಾರ ದಾಟಲಿ, ಸೋಮವಾರ ಕೊಟ್ಟರಾಯಿತು. ತಾಟಿನಿಂದ ಒಂದು ಅಗುಳು ತೆಗೆದು, ಎಂಜಲ ಅಗುಳು, ಲಕೋಟೆಯ ಬಾಯಿಗೆ ತಿಕ್ಕಿ ಅಂಟಿಸಿದೆ, ಹಳೆಯ ಟ್ರಂಕಿನಲ್ಲಿದ್ದ ಅಳತೆ ಪುಸ್ತಕವೊಂದರ ಒಳಗೆ ಇಟ್ಟೆ. ಸವಣೂರಿನವರು ಬಂದರು, ಅವಲಕ್ಕಿ ತಿಂದರು, ತಿಳಿಸತೇವಿ ಅಂದರು, ತಿಳಿಸಲಿಲ್ಲ. ಸೋಮವಾರ ಬಂತು. ಮಂಗಳವಾರ ಬಂತು. ಹತ್ತೊಂಬತ್ತೂ ಬಂತು, ಹೋಯಿತು, ನಾನು ಆ ದಿನ ಮುಂಜಾನೆಯಿಂದ ಸಂಜೆಯವರೆಗೆ ಗಡಿಯಾರ ನೋಡಿದೆ, ಅದು ಮಾತ್ರ ಚೆನ್ನಾಗಿ ನೆನಪಿದೆ.

ಫೆಬ್ರುವರಿ ಎಂಟಕ್ಕೆ ಅವಳಿಗೇ ಸಿಕ್ಕಿತು. ಆಟದ ಟಿಪ್ಪಣಿ ಬರೆಯಲು ಖಾಲಿ ಪುಸ್ತಕ ಹುಡುಕುತ್ತ ನನ್ನ ಟ್ರಂಕು ತೆಗೆದಳು, ನಾನು ನಕ್ಷೆಗೆ ಬಣ್ಣ ತುಂಬುತ್ತಿದ್ದೆ, ಅಪ್ಪಾ ಇದೇನು, ಅಂದಳು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸುಳ್ಳು ಅಂಕಿ ಬರೆದವನಲ್ಲ ನಾನು, ಸುಳ್ಳ ಊರಿನ ದೊಡ್ಡ ಗೌಡರು ಹೊಲದ ಗಡಿ ನಾಲ್ಕು ಮೊಳ ಸರಿಸಿ ಬರಿ ಅಂದಾಗ ನೆಟ್ಟ ಕಲ್ಲಿನ ಮೇಲೆ ಕೂತು ಬರೆಯುವುದಿಲ್ಲ ಅಂದವನು, ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಅಡ್ಡಾಡಿದವನು, ಮಗಳ ಮುಖ ನೋಡಿ ಅಂದೆ, ಅಯ್ಯ, ಮರ್ತೇಬಿಟ್ಟಿದ್ದೆ ನೋಡವ್ವಾ, ಒಡದೂ ನೋಡಲಿಲ್ಲ, ಇಟ್ಟು ಮರ್ತೆ. ಎಷ್ಟು ಸರಾಗ ಬಂತು ಬಾಯಿಗೆ. ಅವಳು ಲಕೋಟೆಯನ್ನು ತಿರುಗಿಸಿ ಬೆನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಅಂಚೆಯ ಮುದ್ರೆಯ ತಾರೀಖು ನೋಡುತ್ತಿದ್ದಾಳೆ ಅಂದುಕೊಂಡೆ. ಲಕೋಟೆ ತೆಗೆದುಕೊಂಡು ಒಳಗೆ ಹೋದಳು. ಅತ್ತಿದ್ದರೆ, ಬೈದಿದ್ದರೆ, ಪುಸ್ತಕ ಎಸೆದಿದ್ದರೆ ಎಷ್ಟೋ ಛಲೋ ಇತ್ತು. ಅಂದಿನಿಂದ ಎಲ್ಲ ಮಾತು ಹೊಳೆವ್ವನ ಮೂಲಕ, ಅವ್ವಾ, ಅಪ್ಪಗ ಚಹಾ ಆರಾಕತ್ತೇತಿ ಅಂತ ಹೇಳು, ನಾನು ಅಲ್ಲೇ ಎರಡು ಮೊಳದಲ್ಲಿ ಕೂತಿರುತ್ತೇನೆ, ಹೊಳೆವ್ವ ಸೌಟು ಹಿಡಿದುಕೊಂಡು, ನಾ ಏನ ಟೆಲಿಫೋನ ಆಫೀಸ ಇಟ್ಟೇನೇನ, ಇಬ್ಬರಿಗೂ ಬಾಯಿ ಕೊಟ್ಟಾನಿಲ್ಲೋ ದೇವರು, ಅಂತ ಬೈಯುತ್ತಾಳೆ, ಆಮೇಲೆ ಹೇಳುತ್ತಾಳೆ, ಚಹಾ ಆರಾಕತ್ತೇತಂತ್ರಿ.

ಆದರೆ ಆಟ ಬಿಡಲಿಲ್ಲ ಅವಳು. ಇದೇ ನನಗೆ ಉಳಿದ ಒಂದು ದಾರಿ. ಮುಂಜಾನೆ ಅವಳು ಆಡುತ್ತಿದ್ದಳು, ಮಧ್ಯಾಹ್ನ ನಾನು, ಉಳಿಸಿದ ಆಟ ಇಬ್ಬರದೂ ಒಂದೇ, ಅವಳು ನಿಲ್ಲಿಸಿದಲ್ಲಿಂದ ನಾನು, ನಾನು ನಿಲ್ಲಿಸಿದಲ್ಲಿಂದ ಅವಳು. ಮತ್ತು ಈ ಪುಸ್ತಕ, ನನ್ನ ಟ್ರಂಕಿನದೇ ಖಾಲಿ ಅಳತೆ ಪುಸ್ತಕ, ಪುಟದ ನಡುವೆ ಮೇಲಿಂದ ಕೆಳಗೆ ಎರಡು ಕೆಂಪು ಗೆರೆ, ಇದನ್ನು ಕೀಲಿಮಣೆಯ ಪಕ್ಕದಲ್ಲಿ ಇಟ್ಟು ಒಬ್ಬರಿಗೊಬ್ಬರು ಬರೆಯುತ್ತಿದ್ದೆವು, ಆಟದ ವಿಷಯ ಅಷ್ಟೆ, ಬೇರೆ ಒಂದಕ್ಷರ ಇಲ್ಲ. ಪಂಪು ಚಾಲೂ ಮಾಡೇನಿ, ಎಡಗಡೆ ಕೊಳವಿ ತಗೀಬ್ಯಾಡ್ರಿ. ದೀಪದ ಗಾಜು ಪೂರ್ವಕ್ಕ ತಿರುಗಿಸಿ ನೋಡ್ರಿ. ಹುಟ್ಟಿದಾಗಿನಿಂದ ನನಗೆ ನೀ ಅಂದವಳು, ಅಪ್ಪಾ ಬಾ, ಅಪ್ಪಾ ಕೊಡು, ಈಗ ಬರ್ರಿ ಹೋಗ್ರಿ, ತಾಲೂಕು ಕಚೇರಿಗೆ ಅರ್ಜಿ ಬರೆದ ಹಾಗೆ. ಅದೂ ಇರಲಿ, ಬರೆಯುತ್ತಿದ್ದಾಳಲ್ಲ ಅಂದುಕೊಂಡು ದಿನಾ ಮಧ್ಯಾಹ್ನ ಕನ್ನಡಕ ಒರೆಸಿಕೊಂಡು ಓದುತ್ತಿದ್ದೆ. ಹನ್ನೊಂದು ದಿನದ ಹಿಂದೆ ಯಾದಗಿರಿಯ ನೇಮಕಾತಿ ಆದೇಶ ಬಂತು, ಅವತ್ತೇ ಅವಳ ಕೊನೆಯ ಬರಹ: ತೂಗುಬುಟ್ಟಿಯೊಳಗ ಕಣಿವಿ ದಾಟಿದೆ, ದಾಟುವಾಗ ಬಂಡಿಗಲ್ಲಿನ ಮ್ಯಾಲೆ ಈ ಏಳು ಗುರ್ತು ಕಂಡವು, ಹಗ್ಗ ಹರೀತು, ತಿರುಗಿ ಹೋಗಾಕ ಬರೂದಿಲ್ಲ. ಅದರ ಕೆಳಗೆ, ಎರಡು ಕೆಂಪು ಗೆರೆಗಳ ನಡುವೆ, ಒಂದರ ಕೆಳಗೊಂದು ಏಳು ಸಣ್ಣ ಚಿತ್ರ. ಕಣ್ಣು, ಹಕ್ಕಿ, ದೋಣಿ, ಕೈ, ಚಂದ್ರ, ಏಣಿ, ಮೀನು. ಅಲ್ಲಿಂದ ಮುಂದೆ ಅವಳು ಆಡಲಿಲ್ಲ. ಹೋಗುವ ತಯಾರಿ.

ನೂರಾ ಹನ್ನೆರಡು. ಕೆಳಗಿನ ಕೋಣೆ. ಏಳು ಹಿಡಿಕೆ, ಪ್ರತಿಯೊಂದರ ಮೇಲೆ ಒಂದು ಚಿತ್ರ, ಅವೇ ಏಳು, ಸರಿಯಾದ ಕ್ರಮದಲ್ಲಿ ಎಳೆದರೆ ಬಾಗಿಲು ತೆರೆಯಬೇಕು, ಇಲ್ಲದಿದ್ದರೆ ನೀರು. ಮೀನು ಎಳೆದೆ, ಠಪ್. ಏಣಿ, ಠಪ್. ಚಂದ್ರ, ಠಪ್. ಕೈ — ಕಟ್. ಈ ಕೈ ಒಂದೇ ಬೇರೆ ಸದ್ದು ಮಾಡುತ್ತದೆ, ಒಳಗೆ ಏನೋ ಕೂತ ಸದ್ದು, ಹನ್ನೊಂದು ದಿನದಿಂದ ಕೇಳುತ್ತಿದ್ದೇನೆ, ನಾಲ್ಕನೆಯದು ಮಾತ್ರ ಕಟ್ ಅನ್ನುತ್ತದೆ. ದೋಣಿ, ಠಪ್. ಹಕ್ಕಿ, ಠಪ್. ಕಣ್ಣು, ಠಪ್, ಮುಗಿಯಿತು, ಬಂತು ನೋಡು ಬುಳುಬುಳು, ಬಾರಪ್ಪಾ ಬಾ, ನಿನ್ನದೇ ಕಾಯುತ್ತಿದ್ದೆ. ಯಂತ್ರವೇ ಸುಳ್ಳು ಅಂತ ಮೊನ್ನೆ ಸಿಡಿ ತೆಗೆದುಕೊಂಡು ಗೌಸಮೊದ್ದೀನನ ಅಂಗಡಿಗೂ ಹೋಗಿ ಬಂದೆ, ಅವನು ಬೆಳಕಿಗೆ ಹಿಡಿದು ನೋಡಿ, ಸಿಡಿ ಬರೋಬ್ಬರಿ ಐತ್ರಿ ಕಾಕಾ, ಹುಡುಗೂರು ಎರಡು ದಿನದಾಗ ಮುಗಸ್ಯಾರ ಇದನ್ನ, ಅಂದ, ಅಷ್ಟ ತ್ರಾಸ ಇದ್ರ ಬಾಜೂ ಇಂಟರ್ನೆಟ್ ಅಂಗಡ್ಯಾಗ ಕೂಡ್ರಿ, ಉತ್ತರ ಎಲ್ಲಾ ಬರದಿಟ್ಟಿರತಾರ, ನೋಡಿ ಬರಕೊಂಡು ಹೋಗ್ರಿ. ನನಗೆ ಸಿಟ್ಟು ಬಂತು. ನೋಡಿ ಬರಕೊಳ್ಳುವುದು! ಹೊಲಕ್ಕೆ ಹೋಗದೆ ಮರದ ಕೆಳಗೆ ಕೂತು ಹಳೆಯ ಅಂಕಿ ಇಳಿಸಿಕೊಂಡು ಅಳತೆ ಆಯಿತು ಅನ್ನುವವರನ್ನು ಕಂಡಿದ್ದೇನೆ, ಅಂಥವರ ಜೊತೆ ಚಹಾ ಸಹ ಕುಡಿದವನಲ್ಲ ನಾನು. ಅಂಗಡಿಯಿಂದ ಇಳಿದು ಬರುವಾಗ ತಲೆಯಲ್ಲಿ ಒಂದು ಮಾತು ಹೊಕ್ಕಿತು, ಅಂಥವರಾದರೂ ಹೊಲದ ಸುಳ್ಳು ಬರೆದರು, ಗುರುಶಿದ್ದಪ್ಪ, ನೀನು ಮಗಳಿಗೇ ಸುಳ್ಳು ಹೇಳಿದೆ. ಬಸ್ಸಿನ ಮೆಟ್ಟಿಲು ಎಣಿಸಲು ಮರೆತೆ ಅವತ್ತು.

ಮರೆತೆ. ಅದೇ ಶಬ್ದ. ಗಡಿಯಾರ ಒಂದು ಹತ್ತು. ಹೊಳೆವ್ವ ಹೋಗುವಾಗ ಹೇಳಿ ಹೋಗಿದ್ದಾಳೆ, ಇವತ್ತರ ಆ ಡಬ್ಬಿ ಮುಂದ ಕೂಡಬ್ಯಾಡ್ರಿ, ಹೋಗೂ ಕೂಸಿನ ಮಾರಿ ನೋಡ್ರಿ ಒಂದೀಟು, ಎರಡಕ್ಕ ಕರೆಂಟೂ ಹೊಕ್ಕೈತಿ. ಹೌದು, ಎರಡಕ್ಕೆ ಕರೆಂಟು ಹೋಗುತ್ತದೆ, ಆಮೇಲೆ ಬ್ಯಾಟರಿ ಪೆಟ್ಟಿಗೆ ಏಳು ನಿಮಿಷ ಎಳೆಯುತ್ತದೆ, ಆಮೇಲೆ ಪರದೆಯ ನಡುವೆ ಬಿಳಿ ಚುಕ್ಕೆ, ಅದೂ ಹೋಗುತ್ತದೆ. ನಾನು ಯಾಕೆ ಈ ಹಾಳು ಬಾಗಿಲಿಗೆ ಅಂಟಿಕೊಂಡಿದ್ದೇನೆ. ಬಾಗಿಲು ತೆರೆಯದೆಯೂ ಹೇಳಬಹುದು, ದುರ್ಗಾ, ನಾನು ಮರೆತಿರಲಿಲ್ಲ, ಒಡೆದು ಓದಿದೆ, ಬೇಕಂತಲೇ ಇಟ್ಟುಕೊಂಡೆ. ನಾಲ್ಕು ಮಾತು. ಹೇಳಿದರೆ ಏನಾಗುತ್ತದೆ, ಮರೆತ ಅಪ್ಪನ ಮೇಲೆ ಸಿಟ್ಟು ಇವತ್ತಲ್ಲ ನಾಳೆ ಇಳಿದೀತು, ಮುಚ್ಚಿಟ್ಟ ಅಪ್ಪನ ಮೇಲಿನ ಸಿಟ್ಟು ಇಳಿಯುವುದಿಲ್ಲ, ಅದಕ್ಕೇ ಹೇಳಲಿಲ್ಲ, ಹೆದರಿಕೆ, ಬೇರೆ ಏನೂ ಅಲ್ಲ, ಅರವತ್ತು ವರ್ಷದ ಗಂಡಸು ಮಗಳಿಗೆ ಹೆದರಿ ಇಲ್ಲದ ಊರಿನ ಬಾಗಿಲ ಮುಂದೆ ಕೂತಿದ್ದೇನೆ. ನಾಚಿಕೆ ಆಗುತ್ತದೆ. ಆಗುತ್ತಿರಲಿ. ಮತ್ತೆ ಒಂದು ಸಲ ಪಟ್ಟಿ ನೋಡೋಣ, ಪುಟದ ತಳದಲ್ಲಿ ಮೀನು, ಅದರ ಮೇಲೆ ಏಣಿ, ಸರಿಯಾಗಿಯೇ ಎಳೆದಿದ್ದೇನೆ, ಎಲ್ಲಿ ತಪ್ಪು.

ಗಾಳಿಗೆ ಪುಟ ಮಗುಚಿತು, ಫ್ಯಾನು ಜೋರಿದೆ, ಮುಂದಿನ ಪುಟದಲ್ಲೂ ಅವಳ ಅಕ್ಷರ, ಇದನ್ನು ನಾನು ನೋಡಿರಲಿಲ್ಲ, ನಿನ್ನೆಯೋ ಮೊನ್ನೆಯೋ ಬರೆದದ್ದು, ಊರಿಗೆ ಒಯ್ಯುವ ಸಾಮಾನು, ಅದೂ ಎರಡು ಕೆಂಪು ಗೆರೆಗಳ ನಡುವೆ. ಓದಿದೆ. ಮನಿ ಕೀಲಿ ಅವ್ವಗ ಕೊಡೂದು. ಟ್ರಂಕು ತರುವ ಮೊದಲು, ಹಾಸಿಗೆ ಕಟ್ಟುವ ಮೊದಲು, ಎಲ್ಲಕ್ಕಿಂತ ಮೊದಲು ಮನೆಯ ಕೀಲಿ ವಾಪಸು ಕೊಡುವ ವಿಚಾರವೇ ಮಗಳೇ, ಇಷ್ಟು ಬೇಡವಾಯಿತೇ ಈ ಮನೆ. ಅದರ ಮೇಲಿನ ಸಾಲು, ಅಪ್ಪನ ಕೂಡ —, ಅಷ್ಟೇ, ಒಂದು ಗೆರೆ ಎಳೆದು ಬಿಟ್ಟಿದ್ದಾಳೆ, ಅಪ್ಪನ ಕೂಡ ಏನು, ಅಪ್ಪನ ಕೂಡ ಎನ್ನುವುದಕ್ಕೆ ಮುಂದೆ ಶಬ್ದ ಸಿಗಲಿಲ್ಲ ಅವಳಿಗೆ. ಅದರ ಮೇಲೆ ಸರ್ಟಿಫಿಕೇಟು, ಚಟ್ನಿಪುಡಿ, ಬಕೀಟು, ಹಾಸಿಗಿ, ಎಲ್ಲಕ್ಕಿಂತ ಮೇಲೆ ಟ್ರಂಕು. ಬಕೀಟಿಗೂ ಹಾಸಿಗೆಗೂ ಆಯಿತು ಅಂತ ಗುರುತು ಹಾಕಿದ್ದಾಳೆ, ಟ್ರಂಕಿಗೆ ಇವತ್ತು ಹೋಗಿದ್ದಾಳೆ, ಕೀಲಿಗೆ ಗುರುತಿಲ್ಲ. ಕೀಲಿ ಮೊದಲು ಕೊಟ್ಟುಬಿಟ್ಟರೆ ಒಳಗಿನ ಸಾಮಾನು ಹೊರಗೆ ತರುವುದು ಹೇಗೆ ಅಂತ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತು, ಯಾರಾದರೂ ಕೀಲಿಯಿಂದ ಶುರು ಮಾಡುತ್ತಾರೆಯೇ, ಟ್ರಂಕಿನಿಂದ ಶುರು ಮಾಡುತ್ತಾರೆ, ಟ್ರಂಕು ಮೊದಲು, ಕೀಲಿ ಕಟ್ಟಕಡೆಗೆ, ಮೇಲಿಂದ ಕೆಳಗೆ ಬರೆದಿದ್ದಾಳೆ, ಎಲ್ಲರೂ ಬರೆಯುವ ಹಾಗೆ. ನಾನು ಕೆಳಗಿಂದ ಓದಿದೆ.

ನಾನು ಕೆಳಗಿಂದ ಓದಿದೆ. ನನಗೆ ಮೋಜಣಿ ಕಲಿಸಿದ ಶಾಂತಯ್ಯ ಮಾಸ್ತರು, ಸಾವಿರದ ಒಂಬೈನೂರ ಅರವತ್ತೆಂಟು, ಸುಳ್ಳ ಊರಿನ ಎರಿಹೊಲ, ನಾನು ಹೊಸ ಹುಡುಗ, ಅಳತೆ ಪುಸ್ತಕ ಬಿಚ್ಚಿ ಎಲ್ಲರ ಹಾಗೆ ಮೇಲಿನ ಸಾಲಿನಿಂದ ಬರೆಯಲು ಹೋದೆ, ಕೈಗೆ ಫಟ್ ಅಂತ ಬಿತ್ತು ಅವರ ಅಡಿಪಟ್ಟಿ, ಏ ತಮ್ಮಾ, ಇದೇನ ಸಾಲಿ ಕಾಪಿ ಅಂತ ತಿಳದಿ? ತಳದಿಂದ ಬರೀ. ನೀ ನಿಂತದ್ದು ತಳ, ನಡದಂಗ ನಡದಂಗ ಮ್ಯಾಲೇರಬೇಕು, ಪುಸ್ತಕ ಹಿಡದ ನಿಂತ್ರ ಹೊಲ ಹೆಂಗ ಐತೋ ಹಂಗ ಕಾಣಬೇಕು. ಎರಡು ಕೆಂಪು ಗೆರೆಯ ನಡುವೆ ತಳದಿಂದ ಅಂಕಿ, ಮೂವತ್ತನಾಲ್ಕು ವರ್ಷ, ಎಷ್ಟು ಸಾವಿರ ಪುಟ, ಒಂದೂ ಮೇಲಿಂದ ಬರೆಯಲಿಲ್ಲ, ಮೇಲಿಂದ ಓದಲಿಲ್ಲ. ಪೇಪರು ಮೇಲಿಂದ ಓದುತ್ತೇನೆ, ಕಾಗದ ಮೇಲಿಂದ ಓದುತ್ತೇನೆ, ಅವಳ ಬರಹ ಸಹ ಮೇಲಿಂದಲೇ ಓದಿದೆ, ಆದರೆ ಗೆರೆಯ ನಡುವೆ ಒಂದರ ಕೆಳಗೊಂದು ಗುರುತು ಕಂಡ ಕೂಡಲೇ ಕಣ್ಣು ತಳಕ್ಕೆ ಹೋಗಿ ಕೂತಿದೆ, ಕೇಳದೆ ಕೂತಿದೆ. ಅವಳಿಗೆ ಶಾಂತಯ್ಯ ಗೊತ್ತಿಲ್ಲ, ಅವಳಿಗೆ ಇದು ಬರೇ ಗೆರೆ ಹಾಕಿದ ಪುಸ್ತಕ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ಮೊದಲನೆಯದು ಯಾವುದವ್ವಾ, ಇಷ್ಟೇ, ಪಕ್ಕದ ಕೋಣೆಯಲ್ಲೇ ಇದ್ದಳು ಹನ್ನೊಂದು ದಿನ. ಹತ್ ನಿನ್ನ, ಗುರುಶಿದ್ದಪ್ಪ! ಅದಕ್ಕೇ ಆ ಕೈ ಕಟ್ ಅನ್ನುತ್ತಿತ್ತು, ಏಳರಲ್ಲಿ ನಾಲ್ಕನೆಯದು, ಮೇಲಿಂದ ಎಣಿಸು ಕೆಳಗಿಂದ ಎಣಿಸು ನಾಲ್ಕನೆಯದು ನಾಲ್ಕನೆಯದೇ, ಅದೊಂದು ಸರಿ ಇತ್ತು, ಅದು ಹೇಳುತ್ತಲೇ ಇತ್ತು, ಕೇಳುವವನಿಗೆ ಬುದ್ಧಿ ಬೇಕಲ್ಲ.

ಇಳಿ, ಬೇಗ ಇಳಿ, ಎಣಿಸಬೇಡ, ಎಣಿಸಿದೆ, ನೂರಾ ಹನ್ನೆರಡು. ಕಣ್ಣು — ಕಟ್. ಹಕ್ಕಿ — ಕಟ್. ಮೆಲ್ಲಗೆ, ಹುಚ್ಚ, ಆಟ ಇದು. ದೋಣಿ, ಕಟ್. ಕೈ, ಕಟ್. ಚಂದ್ರ, ಕಟ್. ಏಣಿ. ಮೀನು. ಸುಮ್ಮನಾಯಿತು. ನೀರಿನ ಸದ್ದಿಲ್ಲ. ಆಮೇಲೆ ಕಲ್ಲು ಕಲ್ಲಿಗೆ ಉಜ್ಜುವ ಸದ್ದು, ಬೀಸುವ ಕಲ್ಲಿನ ಸದ್ದು, ಬಾಗಿಲು ಮೆಲ್ಲಗೆ ಎಡಕ್ಕೆ ಸರಿಯಿತು, ಅದರ ಆಚೆ ಬೆಳಕು, ಹಳದಿ ಬೆಳಕು, ಬೆಳಕಿನಲ್ಲಿ ಏನಿದೆಯೋ ಕಾಣುವುದಿಲ್ಲ, ಒಂದು ಹೆಜ್ಜೆ ಒತ್ತಿದರೆ ಕಾಣುತ್ತದೆ. ಒತ್ತಲಿಲ್ಲ. ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಒಂದೂ ಐವತ್ತು. ಖುಷಿ ಆಯಿತು, ಸುಳ್ಳು ಯಾಕೆ, ಹೊಲದ ಕಳೆದುಹೋದ ಗಡಿಕಲ್ಲು ಮಣ್ಣಿನಡಿ ಸಿಕ್ಕಾಗ ಆಗುತ್ತಿದ್ದ ಖುಷಿ, ಎದ್ದು ಎರಡು ಸಲ ಕೋಣೆಯಲ್ಲೇ ಅಡ್ಡಾಡಿದೆ, ನೀರು ಕುಡಿದೆ, ಮತ್ತೆ ಬಂದು ಬಾಗಿಲು ತೆರೆದೇ ಇದೆಯೋ ಅಂತ ನೋಡಿದೆ.

ಗೇಟು ಕಿರ್ ಅಂತು, ಮೆಲ್ಲಕ ಇಳಸೋ ಯಪ್ಪಾ ಹೊಸಾ ಟ್ರಂಕ ಐತಿ, ಆಟೋದವನಿಗೆ ಹೇಳುವ ಹೊಳೆವ್ವನ ದನಿ, ಅದೇ ಹೊತ್ತಿಗೆ ಫ್ಯಾನು ನಿಂತಿತು, ಕರೆಂಟು ಹೋಯಿತು, ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕುಂಯ್ ಅನ್ನತೊಡಗಿತು, ಏಳು ನಿಮಿಷ. ಪಡಸಾಲೆಯಲ್ಲಿ ದುರ್ಗಾ, ಅವ್ವಾ, ಟ್ರಂಕಿನ ಮ್ಯಾಲ ಹೆಸರು ಬರೀಬೇಕು, ಬಣ್ಣದ ಡಬ್ಬಿ ಎಲ್ಲಿ ಇಟ್ಟಾರಂತ ಅಪ್ಪಗ ಕೇಳು. ಹೊಳೆವ್ವ, ನೀನ ಕೇಳ ನನ್ನವ್ವಾ, ನನ್ನ ಕಾಲು ಹರದು ಹೋಗ್ಯಾವು. ನಾನು ಬಾಗಿಲಲ್ಲಿ ನಿಂತೆ. ದುರ್ಗಾ, ಅಂದೆ. ಅವಳು ತಲೆ ಎತ್ತಿದಳು. ಬಾಗಿಲು ತೆರೀತು, ಅಂದೆ. ಹಣೆಯ ಬೆವರು ಸೆರಗಿನಿಂದ ಒರೆಸಿಕೊಂಡು ಒಳಗೆ ಬಂದಳು, ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡಿದಳು, ಹಳದಿ ಬೆಳಕು ಅವಳ ಮುಖದ ಮೇಲೆ. ನಾ ತಳದಿಂದ ಓದಾಕತ್ತಿದ್ದೆ, ಹನ್ನೊಂದು ದಿನಾ, ಅಂದೆ. ಅವಳು ಪುಸ್ತಕ ನೋಡಿದಳು, ಎರಡು ಕೆಂಪು ಗೆರೆ ನೋಡಿದಳು, ಮತ್ತೆ ಅವಳ ಬಾಯಿಯ ಮೂಲೆ ಒಂದಿಷ್ಟು ಸಡಿಲಾಯಿತು, ಹೊಲಾ ಅಳ್ಯಾಕ ಹೊಂಟಿದ್ಯೇನು ಅಪ್ಪಾ, ಅಂದಳು.

ಸಾಕಲ್ಲ. ಮಾತಾಡಿದಳು, ಅಪ್ಪಾ ಅಂದಳು, ರಿ ಇಲ್ಲದೆ ಅಂದಳು, ಇದಕ್ಕಾಗಿಯೇ ಹನ್ನೊಂದು ದಿನ ನೀರಲ್ಲಿ ಮುಳುಗಿದ್ದು, ಇನ್ನು ಊಟ ಮಾಡಿ, ಟ್ರಂಕಿಗೆ ಹೆಸರು ಬರೆದು, ಬಸ್ಸಿಗೆ ಕೂಡಿಸಿ, ಕೈ ಬೀಸಿದರೆ ಆಯಿತು, ಯಾರು ಹೇಳು ಅನ್ನುತ್ತಾರೆ, ಹೋಗುವ ಮಗಳ ಮನಸ್ಸು ಯಾಕೆ ಕೆಡಿಸಬೇಕು, ಹಬ್ಬಕ್ಕೆ ಬಂದಾಗ ಹೇಳಿದರಾಯಿತು, ಸೋಮವಾರ ಕೊಟ್ಟರಾಯಿತು — ಅದೇ, ಅದೇ ಮಾತು, ಜನವರಿಯದು, ತಾಟಿನ ಮುಂದೆ ಕೂತು ಅಂದುಕೊಂಡ ಅದೇ ಮಾತು. ಕುಂಯ್, ಕುಂಯ್. ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಲೇ ಅಂದೆ, ಅವಳ ಮುಖ ನೋಡಿ ಅನ್ನಲು ಆಗಲಿಲ್ಲ, ದುರ್ಗಾ, ಆ ಪತ್ರ ನಾ ಮರ್ತಿದ್ದಿಲ್ಲ. ಒಡದು ಓದಿದ್ದೆ. ಬೇಕಂತನ ಇಟ್ಟಿದ್ದೆ. ಪಡಸಾಲೆಯಲ್ಲಿ ಹೊಳೆವ್ವ ಟ್ರಂಕಿನ ಮುಚ್ಚಳ ತೆಗೆದು ಹಾಕಿ ನೋಡುತ್ತಿದ್ದಾಳೆ, ಧಡ್, ಧಡ್. ಕುಂಯ್ ಅಂತು ಪೆಟ್ಟಿಗೆ, ಎಣಿಸಿದೆ, ಹತ್ತು, ಹನ್ನೊಂದು, ಹನ್ನೆರಡು.

ಗೊತ್ತೈತಿ, ಅಂದಳು. ಅವತ್ತ ಗೊತ್ತಾತು. ಅಗಳು ನೋಡಿದ್ದೆ. ನಾನು ತಿರುಗಲಿಲ್ಲ. ಈ ಮನ್ಯಾಗ ಅಗಳು ಹಚ್ಚಿ ಅಂಟಸಾಂವ ನೀ ಒಬ್ಬನ ಅಲ್ಲೇನು, ಅವ್ವ ಗೋಂದು ತಗೋ ಅಂತಾಳ, ನನ್ನ ಸಾಲಿ ಪುಸ್ತಕಕ್ಕ ಹಾಳಿ ಹಾಕುವಾಗ ಅಗಳು ಹೆಂಗ ತಿಕ್ಕಬೇಕು ಅಂತ ನೀನ ಕಲಿಸಿದ್ದಿ, ಬೆರಳು ಹಿಡದು. ಆ ಕೆಲಸಕ್ಕ ಅಲ್ಲ ಅಪ್ಪಾ ಸಿಟ್ಟು, ಕೆಲಸ ಇನ್ನೊಂದು ಬಂತು. ಮರ್ತೆ ಅಂದ್ಯಲ್ಲ. ಅಗಳು ಹಿಂಗ ಕಾಣಾಕತ್ತಿತ್ತು, ನೀ ಮರ್ತೆ ಅಂದಿ. ನಾಳೆ ಹೇಳತಾನು, ನಾಡ್ದ ಹೇಳತಾನು ಅಂತ ಕಾಯ್ದೆ, ಹೇಳದನ ಕಳಸ್ತಿ ಅಂತ ತಿಳದಿದ್ದೆ. ಅವಳ ಕೈ ಬಂದು ನನ್ನ ಭುಜದ ಮೇಲೆ ಕೂತಿತೋ ಕುರ್ಚಿಯ ಬೆನ್ನ ಮೇಲೆ ಕೂತಿತೋ ತಿಳಿಯಲಿಲ್ಲ, ಪೆಟ್ಟಿಗೆ ಒಂದೇ ಸಮನೆ ಕೂಗಿತು, ಉಳಿಸು ಅಪ್ಪಾ, ಲಗೂ, ಅಂದಳು, ಮೌಸು ಕಣ್ಣಿಗೆ ಕಾಣಲಿಲ್ಲ, ಕನ್ನಡಕ ತೊಯ್ದಿತ್ತು, ಅಷ್ಟರಲ್ಲಿ ಪರದೆ ಆರಿತು, ಬಾಗಿಲು ಹೋಯಿತು, ಹಳದಿ ಬೆಳಕು ಹೋಯಿತು, ಹೋಗಲಿ, ಹೆಂಗ ಅಂತ ಗೊತ್ತಾತಲ್ಲ, ಅಂದಳು ಅವಳು, ಕತ್ತಲೆ ಗಾಜಿನ ನಡುವೆ ಆ ಚುಕ್ಕೆ ಮಾತ್ರ ಉಳಿಯಿತು, ಬಿಳಿಯದು, ಸಣ್ಣದು, ಇಬ್ಬರೂ ಅದನ್ನೇ ನೋಡುತ್ತಿದ್ದೇವೆ, ಈಗ ಹೋಗುತ್ತದೆ, ಈಗ, ಹೋಗುತ್ತಿಲ್ಲ, ಲಕೋಟೆಯ ಬೆನ್ನ ಮೇಲೆ, ಒಣಗಿದ, ಎಲ್ಲರಿಗೂ ಕಾಣುವಂತೆ, ಒಂದು ಅಗುಳು, ಅಗುಳು